ಕಾಡಿಗೆ ಹೋಗಿ ಬರದೇ ಉಳಿದ ಕರ್ನಲ್ ಫಾಸೆಟ್: ಓದಿದವರು ಏನಂತೀರಿ?

ಕಾಫಿಗಿಡ

ಡೇವಿಡ್ ಗ್ರಾನ್ ಬರೆದ ‘ದ ಲಾಸ್ಟ್ ಸಿಟಿ ಆಫ್ ಝಡ್’ ಓದಿ ಮುಗಿಸಿದೆ. 2009ರ ಪುಸ್ತಕ, ನನ್ನ ಕೈಗೆ ಸಿಕ್ಕಿದ್ದು ಈಗ. ಓದದವರಿಗೆ ಚುಟುಕಾಗಿ ಹೇಳಿಬಿಡುತ್ತೇನೆ. ಪರ್ಸಿ ಫಾಸೆಟ್ ಅಂತ ಒಬ್ಬ ಬ್ರಿಟಿಷ್ ಸೇನಾಧಿಕಾರಿ. 1906ರಿಂದ ದಕ್ಷಿಣ ಅಮೆರಿಕದ ಕಾಡುಗಳಲ್ಲಿ ಗಡಿ ಅಳೆಯುತ್ತಾ ಅಲೆದವನು. ಅಲೆಯುತ್ತಾ ಅಲೆಯುತ್ತಾ ಈ ಕಾಡೊಳಗೆ ಎಲ್ಲೋ ಒಂದು ಹಳೇ ಮಹಾನಗರ ಇದೆ ಅನ್ನುವ ಹುಚ್ಚು ಹತ್ತಿತು. ಅದಕ್ಕೆ ‘ಝಡ್’ ಅಂತ ಹೆಸರಿಟ್ಟ. 1925ರಲ್ಲಿ, ವಯಸ್ಸು 57 ಆಗಿದ್ದಾಗ, ಮಗ ಜ್ಯಾಕ್‌ನನ್ನೂ ಮಗನ ಗೆಳೆಯ ರಾಲಿ ರಿಮೆಲ್‌ನನ್ನೂ ಕರೆದುಕೊಂಡು ಬ್ರೆಜಿಲ್‌ನ ಕುಯಬಾ ಊರಿಂದ ಹೊರಟ. ಮೇ 29ರಂದು ಹೆಂಡತಿ ನೀನಾಗೆ ಒಂದು ಕಾಗದ ಬರೆದು, ಜೊತೆಗಿದ್ದ ಆಳುಗಳ ಕೈಲಿ ಕೊಟ್ಟು, ಅವರನ್ನು ವಾಪಸ್ ಕಳಿಸಿದ. ಸೋಲುತ್ತೇವೆ ಅನ್ನುವ ಭಯ ನಿನಗೆ ಬೇಡ ಅಂತ ಅದರಲ್ಲಿತ್ತು. ಅಲ್ಲಿಗೆ ಮುಗಿಯಿತು. ಮೂವರಲ್ಲಿ ಒಬ್ಬರ ಸುದ್ದಿಯೂ ಆಮೇಲೆ ಬರಲಿಲ್ಲ.

ಎಲ್ಲರೂ ಇದನ್ನು ದೊಡ್ಡ ನಿಗೂಢ ಅಂತಾರೆ. ಓದಿದ ಮೇಲೆ ನನಗೆ ಹಾಗನ್ನಿಸಲಿಲ್ಲ. ಅವರನ್ನು ಕಡೆಯದಾಗಿ ಕಂಡವರು ಅಲ್ಲೇ ಇದ್ದರು. ಶಿಂಗು ನದಿಯ ಮೇಲ್ಭಾಗದ ಕಲಪಾಲೊ ಜನ. ಬಿಳಿಯರು ಮೂವರು ಬಂದರು, ಉಳಿದುಕೊಂಡರು, ವಾದ್ಯ ನುಡಿಸಿದರು, ಪೂರ್ವಕ್ಕೆ ಹೋಗುತ್ತೇವೆ ಅಂದರು. ಆ ಕಡೆಯ ಜನ ಒಳ್ಳೆಯವರಲ್ಲ, ಕೊಂದುಬಿಡುತ್ತಾರೆ ಅಂತ ಇವರು ಹೇಳಿದರೂ ಕೇಳಲಿಲ್ಲ. ಹೋದ ಮೇಲೆ ಐದು ದಿನ ಅವರು ಹಾಕಿದ ಬೆಂಕಿಯ ಹೊಗೆ ದೂರದಲ್ಲಿ ಕಾಣುತ್ತಿತ್ತು. ಆಮೇಲೆ ಕಾಣಲಿಲ್ಲ. ಇದು ಅವರ ಮನೆಗಳಲ್ಲಿ ಬಾಯಿಂದ ಬಾಯಿಗೆ ಬಂದ ಮಾತು. ಎಲೆನ್ ಬಾಸೊ ಎಂಬ ಮಾನವಶಾಸ್ತ್ರಜ್ಞೆ ಅದನ್ನು ದಾಖಲಿಸಿದ್ದಾರೆ, ಗ್ರಾನ್‌ಗೂ ಅವರು ಅದನ್ನೇ ಹೇಳಿದರು.

ಇಷ್ಟು ನೇರವಾಗಿ ಹೇಳಿದ್ದನ್ನು ಬಿಟ್ಟು ಜಗತ್ತು ಎಂಬತ್ತು ವರ್ಷ ಮೂಳೆ ಹುಡುಕಿತು. ನನ್ನ ತಕರಾರು ಇರುವುದು ಇಲ್ಲೇ. ನೀವೇನಂತೀರಿ?

ಬೆಂಕಿಪೊಟ್ಟಣ

ನಾನೂ ಓದಿದ್ದೇನೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ, ಯಾರೂ ಬೇಜಾರು ಮಾಡಿಕೊಳ್ಳಬೇಡಿ. ಈ ಮನುಷ್ಯನನ್ನು ಸುಮ್ನೆ ಹೀರೋ ಮಾಡಬೇಡಿ. ಬ್ರೆಜಿಲ್‌ನ ಕಾಡುಗಳ ಬಗ್ಗೆ ಜೀವನವಿಡೀ ಬರೆದ ಜಾನ್ ಹೆಮಿಂಗ್ ಅಂತ ಒಬ್ಬರಿದ್ದಾರೆ. ಅವರು ಈ ಕತೆ ಸಿನಿಮಾ ಆಗಿ ಬಂದಾಗ ಕಟುವಾಗಿಯೇ ಬರೆದರು. ಫಾಸೆಟ್ ದೊಡ್ಡ ಅನ್ವೇಷಕನೇ ಅಲ್ಲ, ಜನಾಂಗದ್ವೇಷಿ ಅಂತ. ಅದರಲ್ಲಿ ಹುರುಳಿದೆ. ಆ ಕಾಡಿನ ಜನ ನಗರ ಕಟ್ಟಿರಬಹುದು ಅಂತ ಅವನಿಗೆ ಮನಸಾರೆ ಒಪ್ಪಲಾಗಲೇ ಇಲ್ಲ. ಹೊರಗಿನಿಂದ ಬಂದ ಯಾರೋ ಕಟ್ಟಿರಬೇಕು, ಬಿಳಿ ಚರ್ಮದ ಮೂಲನಿವಾಸಿಗಳು (ಅವನ ಮಾತಲ್ಲಿ ‘ಬಿಳಿ ಇಂಡಿಯನ್ನರು’) ಇರಬೇಕು, ಅಂತೆಲ್ಲಾ ಬರೆದುಕೊಂಡಿದ್ದ.

ಮತ್ತೆ ಆ ಕಲ್ಲಿನ ಬೊಂಬೆ ನೆನಪಿದೆಯಾ? ಕಾದಂಬರಿಕಾರ ರೈಡರ್ ಹ್ಯಾಗರ್ಡ್ ಕೊಟ್ಟ ಕರಿಕಲ್ಲಿನ ಮೂರ್ತಿ. ಕೈಯಲ್ಲಿ ಹಿಡಿದರೆ ಕರೆಂಟ್ ಹೊಡೆದ ಹಾಗೆ ಆಗುತ್ತದೆ ಅಂತ ನಂಬಿದ್ದ. ಅದೇನೆಂದು ತಿಳಿಯಲು ಅಂಜನ ಹಾಕುವವರ ಥರದವರ ಹತ್ತಿರ ಹೋಗಿದ್ದ. ಅಣ್ಣ ಥಿಯಾಸಫಿ ಅನ್ನುವ ಅಧ್ಯಾತ್ಮ ಪಂಥದವನು, ಇವನಿಗೂ ಆ ಗಾಳಿ ತಾಕಿತ್ತು. ಇಂಥವನ ಮಾತು ನಂಬಿಕೊಂಡು ಇಬ್ಬರು ಹುಡುಗರು ಸತ್ತರು. ನನಗೆ ಸಿಟ್ಟು ಬಂದದ್ದು ಅದಕ್ಕೆ.

ಚೈನುಮೋಜಣಿ

ಬೆಂಕಿಪೊಟ್ಟಣ ಅವರೇ, ಮನುಷ್ಯ ಹೇಗೇ ಇರಲಿ, ಕೆಲಸದ ಬಗ್ಗೆ ಸ್ವಲ್ಪ ಹೇಳಲೇಬೇಕು. ನಾನು ಸರ್ವೆಯಲ್ಲಿದ್ದು ರಿಟೈರ್ ಆದವನು. ಚೈನು ಎಳೆದು, ಗಡಿಕಲ್ಲು ಹುಡುಕಿ, ಅಕ್ಕಪಕ್ಕದವರ ಬೈಗುಳ ತಿಂದವನು. ಹಾಗಾಗಿ 1906ರ ಅಧ್ಯಾಯ ನನಗೆ ಬಹಳ ಹಿಡಿಸಿತು.

ಯಾಕೆ ಅಳತೆ ಬೇಕಾಯಿತು ಅಂದರೆ ರಬ್ಬರ್. ಆಗ ಆ ಕಾಡಿನ ರಬ್ಬರಿಗೆ ಬಂಗಾರದ ಬೆಲೆ. ಆಕ್ರೆ ಅನ್ನುವ ಪ್ರದೇಶಕ್ಕಾಗಿ ಬೊಲಿವಿಯಾಗೂ ಬ್ರೆಜಿಲ್‌ಗೂ ಹೊಡೆದಾಟವೇ ಆಗಿ, 1903ರಲ್ಲಿ ಒಪ್ಪಂದ ಮಾಡಿಕೊಂಡು, ಬೊಲಿವಿಯಾ ಇಪ್ಪತ್ತು ಲಕ್ಷ ಪೌಂಡಿಗೆ ಅದನ್ನು ಬಿಟ್ಟುಕೊಟ್ಟಿತು. ಹೊಸ ಗಡಿ ಎಲ್ಲಿ ಹೋಗುತ್ತದೆ ಅಂತ ಅಳೆಯಲು ಎರಡೂ ಕಡೆಯವರಲ್ಲದವನು ಬೇಕು. ಇಬ್ಬರು ದಾಯಾದಿಗಳ ಜಮೀನಿಗೆ ಮೂರನೆಯವನು ಬಂದು ಅಳೆಯುವುದಿಲ್ಲವಾ, ಹಾಗೆ. ಲಂಡನ್ನಿನ ರಾಯಲ್ ಜಿಯಾಗ್ರಫಿಕಲ್ ಸೊಸೈಟಿ ಫಾಸೆಟ್‌ನನ್ನು ಕಳಿಸಿತು.

ಕಾಡಲ್ಲಿ ಚೈನು ಎಳೆಯುವ ಮಾತೇ ಇಲ್ಲ. ಎಲ್ಲಾ ಆಕಾಶ ನೋಡಿಯೇ ಮಾಡಬೇಕು. ಅಕ್ಷಾಂಶ ಸುಲಭ. ಸೂರ್ಯನೋ ನಕ್ಷತ್ರವೋ ದಿಗಂತದಿಂದ ಎಷ್ಟು ಮೇಲಿದೆ ಅಂತ ಅಳೆದರೆ ಸಿಗುತ್ತದೆ. ಕಷ್ಟ ಇರುವುದು ರೇಖಾಂಶದಲ್ಲಿ. ಅದಕ್ಕೆ ಸರಿಯಾದ ಸಮಯ ಬೇಕು, ಸಮಯಕ್ಕೆ ಒಳ್ಳೆಯ ಗಡಿಯಾರ ಬೇಕು. ಗಡಿಯಾರ ನಾಲ್ಕೇ ನಾಲ್ಕು ಸೆಕೆಂಡು ತಪ್ಪಿದರೂ ಭೂಮಧ್ಯರೇಖೆಯ ಹತ್ತಿರ ಸುಮಾರು ಎರಡು ಕಿಲೋಮೀಟರ್ ಆಚೀಚೆ. ಆ ಗಡಿಯಾರವನ್ನು ಹೇಸರಗತ್ತೆ ಮೇಲೆ ಹೇರಿ, ದೋಣಿಯಲ್ಲಿ ಜಲಪಾತ ಇಳಿಸಿ, ಮಳೆಯಲ್ಲಿ ನೆನೆಸದೆ ಒಯ್ಯಬೇಕು. ರಾತ್ರಿ ಮರಗಳ ಮಧ್ಯೆ ಆಕಾಶದ ತುಂಡೊಂದು ಸಿಕ್ಕಾಗ, ಮುಖದ ತುಂಬಾ ಸೊಳ್ಳೆ ಕೂತಿರುವಾಗ, ಥಿಯೋಡಲೈಟಿನ ತಿರುಪು ಅಲುಗಾಡಿಸದೆ ಕೋನ ಓದಬೇಕು. ಇದನ್ನು ಮಾಡಿ, ಹೇಳಿದ್ದಕ್ಕಿಂತ ಮೊದಲೇ ಮುಗಿಸಿ ಬಂದ ಅವನು. ಸೊಸೈಟಿ ಚಿನ್ನದ ಪದಕ ಕೊಟ್ಟಿದ್ದು ಸುಮ್ಮನೆ ಅಲ್ಲ.

ಇನ್ನೊಂದು ವಿಷಯ. ಕಡೆಯ ಕಾಗದ ಬರೆದದ್ದು ‘ಡೆಡ್ ಹಾರ್ಸ್ ಕ್ಯಾಂಪ್’ನಿಂದ, 1920ರ ಪ್ರಯಾಣದಲ್ಲಿ ಅವನ ಕುದುರೆ ಸತ್ತ ಜಾಗ. ಅಕ್ಷಾಂಶ 11 ಡಿಗ್ರಿ 43 ನಿಮಿಷ ದಕ್ಷಿಣ ಅಂತ ಅದರಲ್ಲಿ ಕೊಟ್ಟಿದ್ದಾನೆ. ಹುಡುಕಲು ಹೋದವರೆಲ್ಲ ಅದನ್ನೇ ಹಿಡಿದು ಹೊರಟರು. ಮನೆಯವರ ಹತ್ತಿರ ಇದ್ದ ಅವನ ಹಳೇ ದಾಖಲೆ ಪುಸ್ತಕ ನೋಡಿದ ಮೇಲೆ ಗ್ರಾನ್‌ಗೆ ಗೊತ್ತಾಯಿತು, ನಿಜವಾದ ಜಾಗ ಅದಕ್ಕಿಂತ ನೂರು ಮೈಲಿಗೂ ಜಾಸ್ತಿ ದಕ್ಷಿಣಕ್ಕಿದೆ. ನನ್ನ ಕಣ್ಣಲ್ಲಿ ಇದರ ಬಗ್ಗೆ ಅನುಮಾನವೇ ಇಲ್ಲ. ರೇಖಾಂಶ ತಪ್ಪಿದ್ದರೆ ಗಡಿಯಾರದ ತಪ್ಪು ಅನ್ನಬಹುದಿತ್ತು. ಅಕ್ಷಾಂಶದಲ್ಲಿ ಅಷ್ಟು ದೂರ ತಪ್ಪುವ ಸರ್ವೇಯರ್ ಯಾರೂ ಇಲ್ಲ, ಅವನಂತೂ ಅಲ್ಲವೇ ಅಲ್ಲ. ಬೇಕೆಂದೇ ಬರೆದದ್ದು. ಬೇರೆ ಯಾರೂ ಹಿಂದೆ ಬರಬಾರದು ಅಂತ.

ಸುಮ್ನೆಓದ್ತೀನಿ

ಅಯ್ಯೋ, ಅಂದರೆ ತನ್ನನ್ನು ಹುಡುಕಿ ಬರುವವರ ದಾರಿಯನ್ನೂ ತಾನೇ ತಪ್ಪಿಸಿಬಿಟ್ಟ!

ಚೈನುಮೋಜಣಿ

ಹೂಂ. ಆಗ ಅಮೆರಿಕದ ಹ್ಯಾಮಿಲ್ಟನ್ ರೈಸ್ ಅಂತ ಒಬ್ಬ ಶ್ರೀಮಂತ ಡಾಕ್ಟರ್, ವಿಮಾನ, ರೇಡಿಯೋ ಎಲ್ಲಾ ಇಟ್ಟುಕೊಂಡು ಅದೇ ಅಮೆಜಾನ್‌ನಲ್ಲಿ ಸುತ್ತುತ್ತಿದ್ದ. ಇವನ ಹತ್ತಿರ ದುಡ್ಡಿರಲಿಲ್ಲ, ಅಮೆರಿಕದ ಪತ್ರಿಕೆಗಳ ಒಂದು ಒಕ್ಕೂಟಕ್ಕೆ ಕತೆ ಮಾರಿ ಹೊರಟಿದ್ದ. ಹೊಟ್ಟೆಕಿಚ್ಚು, ಭಯ ಎರಡೂ ಇತ್ತು. ಹುಡುಕಲು ಬರಬೇಡಿ, ನಮ್ಮಿಂದಲೇ ಆಗದಿದ್ದರೆ ಬೇರೆಯವರಿಂದ ಆಗುವುದಿಲ್ಲ ಅಂತ ಹೋಗುವಾಗಲೇ ಹೇಳಿದ್ದ.

ರಾತ್ರಿಪಾಳಿ

ಆಸ್ಪತ್ರೆಯಲ್ಲಿ ನರ್ಸ್ ನಾನು, ಡ್ಯೂಟಿ ನಡುವೆ ಓದಿದ್ದು. ಜಾಗ್ವಾರ್, ಮೊಸಳೆ ಇವಕ್ಕಿಂತ ನನಗೆ ಜೇಮ್ಸ್ ಮರ್ರೆಯ ಭಾಗ ಹೆಚ್ಚು ಭಯ ತಂದಿತು. ಶ್ಯಾಕಲ್ಟನ್ ಜೊತೆ ದಕ್ಷಿಣ ಧ್ರುವದ ಕಡೆ ಹೋಗಿಬಂದ ಜೀವಶಾಸ್ತ್ರಜ್ಞ ಅವನು. 1911ರಲ್ಲಿ ಫಾಸೆಟ್ ಜೊತೆ ಕಾಡಿಗೆ ಬಂದ. ಹಿಮದಲ್ಲಿ ಗಟ್ಟಿಯಾಗಿದ್ದವನು ಇಲ್ಲಿ ಕರಗಿಹೋದ.

ಆ ಹುಳದ ವಿಷಯ ಕೇಳಿ. ಬಾಟ್ ನೊಣ ಅಂತ. ಅದು ತಾನಾಗಿ ನಮ್ಮ ಮೇಲೆ ಕೂರುವುದೇ ಇಲ್ಲ. ಒಂದು ಸೊಳ್ಳೆಯನ್ನು ಹಿಡಿದು ಅದರ ಮೈಗೆ ಮೊಟ್ಟೆ ಅಂಟಿಸಿ ಬಿಡುತ್ತದೆ. ಸೊಳ್ಳೆ ಬಂದು ಕಚ್ಚಿದಾಗ ನಮ್ಮ ಮೈ ಬಿಸಿಗೆ ಮರಿಹುಳ ಹೊರಬಂದು ಚರ್ಮದೊಳಗೆ ಇಳಿಯುತ್ತದೆ. ಒಳಗೆ ಕೂತು ಬೆಳೆಯುತ್ತದೆ, ಉಸಿರಾಡಲು ಒಂದು ತೂತು ಮಾತ್ರ ಇಟ್ಟುಕೊಂಡಿರುತ್ತದೆ. ಎಳೆದರೆ ಬರುವುದಿಲ್ಲ, ಮೈ ತುಂಬಾ ಹಿಂದಕ್ಕೆ ಬಾಗಿದ ಸಣ್ಣ ಮುಳ್ಳುಗಳು. ಮರ್ರೆಯ ಮೊಣಕಾಲು, ತೋಳು ಎಲ್ಲಾ ಇದೇ. ಔಷಧಿ ಸುರಿದು ಒಳಗೇ ಸಾಯಿಸಲು ನೋಡಿದರೆ ಅಲ್ಲೇ ಕೊಳೆತು ಕೀವು. ಆ್ಯಂಟಿಬಯಾಟಿಕ್ ಇಲ್ಲದ ಕಾಲ, ಊಹಿಸಿಕೊಳ್ಳಿ. ಅಲ್ಲಿನ ಜನ ನಾಲಿಗೆಯಲ್ಲಿ ಒಂಥರಾ ಸಿಳ್ಳು ಹಾಕುತ್ತಿದ್ದರಂತೆ, ಹುಳ ತಲೆ ಹೊರಹಾಕಿದ ತಕ್ಷಣ ಚಕ್ಕಂತ ಹಿಂಡಿ ತೆಗೆಯುತ್ತಿದ್ದರಂತೆ. ಫಾಸೆಟ್ ತಾನೇ ಬರೆದಿದ್ದಾನೆ ಇದನ್ನು.

ಈಗ ನನ್ನ ಸಿಟ್ಟು. ಮರ್ರೆ ನಡೆಯಲಾಗದೆ ಹಿಂದೆ ಬೀಳುತ್ತಿದ್ದಾಗ ಫಾಸೆಟ್ ಅವನನ್ನು ರೋಗಿ ಅಂತ ನೋಡಲೇ ಇಲ್ಲ. ಸೋಮಾರಿ, ಊಟ ಕದಿಯುವವನು ಅಂತ ನೋಡಿದ. ಕಡೆಗೆ ದಾರಿಯಲ್ಲಿ ಸಿಕ್ಕ ಒಬ್ಬನ ಹೇಸರಗತ್ತೆ ಮೇಲೆ ಹತ್ತಿಸಿ ಕಳಿಸಿದ್ದು. ಸತ್ತೇಹೋದ ಅಂದುಕೊಂಡಿದ್ದವನು ಬದುಕಿ ಬಂದು, ನನ್ನನ್ನು ಕೊಲ್ಲಲು ನೋಡಿದರು ಅಂತ ಸೊಸೈಟಿಗೆ ದೂರು ಕೊಟ್ಟ. ಕಾಯಿಲೆ ಬೀಳದ ಮೈ ಇರುವವರಿಗೆ ಬೇರೆಯವರ ನೋವು ನಾಟಕದ ಥರ ಕಾಣುತ್ತದೆ. ವಾರ್ಡಿನಲ್ಲೂ ನೋಡಿದ್ದೇನೆ ಇಂಥವರನ್ನು.

1925ರಲ್ಲೂ ಅದೇ ಆಯಿತು. ರಾಲಿಯ ಕಾಲಿಗೆ ಉಣ್ಣಿ ಹುಳ ಕಚ್ಚಿ, ಪಾದ ಊದಿ ಕುಂಟುತ್ತಿದ್ದ. ವಾಪಸ್ ಹೋಗು ಅಂತ ಫಾಸೆಟ್ ಹೇಳಿದ್ದು ನಿಜ, ಹುಡುಗ ಒಪ್ಪಲಿಲ್ಲ. ಆದರೆ ಅಂಥ ಕಾಲಿಟ್ಟುಕೊಂಡವನನ್ನು ಮುಂದೆ ಕರೆದುಕೊಂಡು ಹೋಗುವುದಾ? ಅಲ್ಲೇ ನಿಲ್ಲಿಸಬೇಕಿತ್ತು.

ಬೆಂಕಿಪೊಟ್ಟಣ

ಹೇಳಿದೆನಲ್ಲಾ!

ಕಾಫಿಗಿಡ

ರಾತ್ರಿಪಾಳಿ ಅಕ್ಕ, ನಿಮ್ಮ ಮಾತು ಒಪ್ಪುತ್ತೇನೆ. ಆದರೂ ಒಂದು ಘಟನೆ ಬಿಟ್ಟುಬಿಟ್ಟರೆ ಅನ್ಯಾಯ. 1910ರಲ್ಲಿ ಹೀತ್ ನದಿಯಲ್ಲಿ ಹೋಗುವಾಗ ದಡದಿಂದ ಗುವಾರಾಯೊ ಜನ ಬಾಣದ ಮಳೆ ಸುರಿಸಿದರು. ಕೈಯಲ್ಲಿ ಬಂದೂಕಿದ್ದರೂ ಫಾಸೆಟ್ ಹಾರಿಸಲು ಬಿಡಲಿಲ್ಲ. ತಂಡದಲ್ಲಿ ಒಬ್ಬ ಅಕಾರ್ಡಿಯನ್ ನುಡಿಸುವವನಿದ್ದ. ಮರದ ದಿಮ್ಮಿ ಮೇಲೆ ಕೂತು ಬಾರಿಸು ಅಂದ. ಉಳಿದವರೆಲ್ಲ ಬಾಣ ಬೀಳುತ್ತಿದ್ದ ಹಾಗೇ ಇಂಗ್ಲಿಷ್ ಹಾಡು ಹಾಡಿದರು! ಬಾಣ ನಿಂತವು. ಆಮೇಲೆ ಅವನು ಕೈ ಮೇಲೆತ್ತಿ ಆಚೆ ದಡಕ್ಕೆ ಹೋಗಿ ಮಾತಾಡಿಸಿ ಸ್ನೇಹ ಮಾಡಿಕೊಂಡ. ರಬ್ಬರಿನ ದುಡ್ಡಿಗೋಸ್ಕರ ಅಲ್ಲಿನ ಜನರನ್ನು ಹಿಡಿದು ದುಡಿಸಿ ಕೊಲ್ಲುತ್ತಿದ್ದ ಕಾಲ ಅದು. ಹಾಗಾಗಿ ಕೆಟ್ಟವನು ಅಂತ ಒಂದೇ ಮಾತಲ್ಲಿ ಮುಗಿಸಲು ನನಗಾಗುವುದಿಲ್ಲ.

ಬೆಂಕಿಪೊಟ್ಟಣ

ಅದೇ ಕಾಲದಲ್ಲಿ ಬ್ರೆಜಿಲ್‌ನಲ್ಲೇ ಕರ್ನಲ್ ರೊಂಡಾನ್ ಇದ್ದ ಸ್ವಾಮಿ. ಅವನ ಮೈಯಲ್ಲೇ ಮೂಲನಿವಾಸಿಗಳ ರಕ್ತ ಇತ್ತು. ಕಾಡಲ್ಲಿ ಟೆಲಿಗ್ರಾಫ್ ತಂತಿ ಎಳೆದವನು. ಬೇಕಾದರೆ ಸಾಯಿರಿ, ಕೊಲ್ಲಬೇಡಿ ಅನ್ನುವುದು ಅವನು ತನ್ನ ಜನರಿಗೆ ಹಾಕಿದ ಕಟ್ಟಳೆ. ಅಮೆರಿಕದ ಅಧ್ಯಕ್ಷನಾಗಿದ್ದ ರೂಸ್‌ವೆಲ್ಟ್‌ನನ್ನು 1914ರಲ್ಲಿ ಹೊಸ ನದಿಯೊಂದರ ಮೇಲೆ ಕರೆದುಕೊಂಡು ಹೋಗಿ, ಜೀವಸಹಿತ ವಾಪಸ್ ತಂದವನೂ ಅವನೇ. ಆಮೇಲೊಮ್ಮೆ ಈ ರೊಂಡಾನ್ ಜೊತೆಗೆ ಹೋಗಿ ಅಂತ ಹೇಳಿದಾಗ ಫಾಸೆಟ್ ಒಪ್ಪಲಿಲ್ಲ. ನಮ್ಮ ಓದುಗರಿಗೆ ಕಾಣೆಯಾದವನೇ ಬೇಕು. ಕೆಲಸ ಮುಗಿಸಿ ಮನೆಗೆ ಬಂದವನ ಬಗ್ಗೆ ಇಲ್ಲಿ ಯಾರಾದರೂ ಥ್ರೆಡ್ ಶುರು ಮಾಡಿದ್ದೀರಾ?

ಸುಮ್ನೆಓದ್ತೀನಿ

ಇದು ಒಳ್ಳೆಯ ಏಟು 😄 ಆದರೆ ಮನೇಲಿ ಕಾಯುತ್ತಿದ್ದವರ ಬಗ್ಗೆ ಯಾರೂ ಮಾತಾಡುತ್ತಿಲ್ಲ. ನೀನಾ ಸಿಲೋನಿನಲ್ಲಿ ಅವನಿಗೆ ಪರಿಚಯವಾದವಳು. ಗಂಡನ ಜೊತೆ ಕಾಡಿಗೆ ಹೋಗಬೇಕು ಅಂತ ನಕ್ಷೆ, ನಕ್ಷತ್ರ ಎಲ್ಲಾ ಕಲಿತಿದ್ದಳು. ಅವನು ಕರೆದುಕೊಂಡು ಹೋಗಲಿಲ್ಲ. ಹೋದ ಮೇಲೆ ದುಡ್ಡಿಲ್ಲದೆ ಊರಿಂದ ಊರಿಗೆ ಅಲೆದಳು, 1954ರಲ್ಲಿ ಸಾಯುವವರೆಗೂ ಗಂಡ, ಮಗ ಇಬ್ಬರೂ ಬದುಕಿದ್ದಾರೆ ಅನ್ನುವುದನ್ನು ಬಿಡಲಿಲ್ಲ. ಯಾರು ಏನು ಕತೆ ಹೇಳಿಕೊಂಡು ಬಂದರೂ ಕೇಳಬೇಕು. 1932ರಲ್ಲಿ ಸ್ಟೀಫನ್ ರಾಟಿನ್ ಎಂಬ ಸ್ವಿಸ್ ಬೇಟೆಗಾರ, ಕಾಡಲ್ಲಿ ಗಡ್ಡದ ಮುದುಕ ಇಂಗ್ಲಿಷ್ ಕರ್ನಲ್‌ನನ್ನು ಕಂಡೆ ಅಂದ. ಬಿಡಿಸಿಕೊಂಡು ಬರುತ್ತೇನೆ ಅಂತ ಹೋದವನು ತಾನೂ ಕಾಣೆಯಾದ.

ಕಾಫಿಗಿಡ

ಸರಿಯಾಗಿ ಹೇಳಿದಿರಿ. ನನ್ನ ಮೊದಲಿನ ತಕರಾರಿಗೂ ಇದು ಸೇರುತ್ತದೆ. 1928ರಲ್ಲಿ ಜಾರ್ಜ್ ಡಯಟ್ ದೊಡ್ಡ ದಂಡು ಕಟ್ಟಿಕೊಂಡು ಹೋದ, ಸತ್ತಿದ್ದಾರೆ ಅಂತ ವರದಿ ಕೊಟ್ಟ. ಜನ ನಂಬಲಿಲ್ಲ. 1951ರಲ್ಲಿ ಒರ್ಲಾಂಡೊ ವಿಲ್ಲಾಸ್ ಬೋಆಸ್ ಕಲಪಾಲೊಗಳಿಂದ ಮೂಳೆ ತಂದ, ಇದೇ ಫಾಸೆಟ್, ಕಲಪಾಲೊಗಳೇ ಕೊಂದದ್ದು ಅಂತ ಪ್ರಪಂಚಕ್ಕೆಲ್ಲ ಸುದ್ದಿಯಾಯಿತು. ಲಂಡನ್ನಿನ ತಜ್ಞರು ಅಳೆದು ನೋಡಿದರೆ ಎತ್ತರವೇ ಹೊಂದುತ್ತಿಲ್ಲ. ಫಾಸೆಟ್ ಆರಡಿಯ ಆಳು, ಇದು ಗಿಡ್ಡ ಮನುಷ್ಯನ ಎಲುಬು. 2005ರಲ್ಲಿ ಗ್ರಾನ್ ಆ ಹಳ್ಳಿಗೆ ಹೋದಾಗ ಅಲ್ಲಿನ ಮುಖ್ಯಸ್ಥ ವಜುವಿ ಹೇಳುತ್ತಾನೆ, ಅದು ನಮ್ಮ ಅಜ್ಜನ ಮೂಳೆ ಅಂತ. ಯಾರದೋ ಮನೆಯ ಹಿರಿಯನನ್ನು ಅಗೆದು ತೆಗೆದು, ಡಬ್ಬಿಯಲ್ಲಿಟ್ಟು ಲಂಡನ್ನಿಗೆ ಕಳಿಸಿ, ಅವರ ಮೇಲೆಯೇ ಕೊಲೆ ಹೊರಿಸಿದರು. ಆ ಪುಟ ಓದಿ ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಹೊರಗೆ ಓಡಾಡಿ ಬಂದೆ.

1996ರಲ್ಲಿ ಜೇಮ್ಸ್ ಲಿಂಚ್ ಎಂಬ ಬ್ರೆಜಿಲ್‌ನ ಬ್ಯಾಂಕ್ ಅಧಿಕಾರಿ ದೋಣಿ, ಜೀಪು, ಹದಿಹರೆಯದ ಮಗ ಎಲ್ಲವನ್ನೂ ತೆಗೆದುಕೊಂಡು ಹೊರಟ. ಹೌದು, ಅವನೂ ಮಗನನ್ನು ಕರೆದುಕೊಂಡು ಹೋದ! ಅಲ್ಲಿನವರು ಹಿಡಿದು ಕೂರಿಸಿಕೊಂಡು, ಸಾಮಾನೆಲ್ಲ ಕೊಟ್ಟ ಮೇಲೆ ಬಿಟ್ಟರು. ನನಗಂತೂ ಅವರ ಮೇಲೆ ಬೇಜಾರಾಗಲಿಲ್ಲ.

ಮಣ್ಣುವಾಸನೆ

ತಡವಾಗಿ ಬಂದೆ. ಎಲ್ಲರೂ ಮನುಷ್ಯನ ಹಿಂದೆ ಬಿದ್ದಿದ್ದೀರಿ, ನಗರದ ಕತೆ ಏನಾಯಿತು? ನಾನು ಕೃಷಿ ಓದಿದವನು, ಪುಸ್ತಕದ ಕಡೆಯ ಭಾಗ ನನಗೆ ಎಲ್ಲಕ್ಕಿಂತ ಇಷ್ಟ.

ಬಹಳ ಕಾಲ ಪಂಡಿತರು ಹೇಳುತ್ತಿದ್ದದ್ದು ಏನೆಂದರೆ, ಅಮೆಜಾನ್ ನೋಡಲು ಹಸಿರು, ಮಣ್ಣು ಮಾತ್ರ ಬಡವ. ಮಳೆ ಎಲ್ಲಾ ಸತ್ವ ತೊಳೆದುಕೊಂಡು ಹೋಗುತ್ತದೆ, ಅಲ್ಲಿ ದೊಡ್ಡ ಜನಸಂಖ್ಯೆ ಬದುಕಲು ಸಾಧ್ಯವಿಲ್ಲ ಅಂತ. ಬೆಟ್ಟಿ ಮೆಗರ್ಸ್ ಈ ವಾದದ ದೊಡ್ಡ ಹೆಸರು. ಆದರೆ ಕಾಡಿನ ನಡುನಡುವೆ ಕಪ್ಪು ಮಣ್ಣಿನ ತುಂಡುಗಳಿವೆ, ‘ತೆರ್ರಾ ಪ್ರೆತಾ’ ಅಂತಾರೆ. ಕೈಯಲ್ಲಿ ತೆಗೆದುಕೊಂಡರೆ ಇದ್ದಿಲ ಚೂರು, ಮಡಕೆ ಚೂರು, ಮೀನಿನ ಮುಳ್ಳು, ಎಲುಬು. ಅದು ತಾನಾಗಿ ಆದದ್ದಲ್ಲ, ಜನ ಮಾಡಿದ ಮಣ್ಣು. ನೂರಾರು ವರ್ಷ ಆದರೂ ಫಲವತ್ತು ಹೋಗಿಲ್ಲ. ಶಿಂಗುವಿನ ಕುಯಿಕುರೊ ಜನ ಇವತ್ತಿಗೂ ಬೂದಿ, ಕಸ, ಮರಗೆಣಸಿನ ಸಿಪ್ಪೆ ಹಾಕಿ ಬೇಕೆಂದೇ ಇಂಥ ಮಣ್ಣು ಮಾಡುತ್ತಾರೆ ಅಂತ 2023ರಲ್ಲಿ ಒಂದು ಅಧ್ಯಯನ ಬಂತು. ನಮ್ಮ ತಿಪ್ಪೆಗುಂಡಿ ನೋಡಿದವರಿಗೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ ಬಿಡಿ.

ಈಗ ಮುಖ್ಯ ವಿಷಯ. ಫಾಸೆಟ್ ಕಾಣೆಯಾದ ಸೀಮೆಯಲ್ಲೇ, ಅದೇ ಕುಯಿಕುರೊ ಹಳ್ಳಿಯಲ್ಲಿ, ಮೈಕಲ್ ಹೆಕೆನ್‌ಬರ್ಗರ್ ಎಂಬ ಪುರಾತತ್ವಜ್ಞ ವರ್ಷಗಟ್ಟಲೆ ಇದ್ದು ಕೆಲಸ ಮಾಡಿದ. ಕುಹಿಕುಗು ಅನ್ನುವ ಜಾಗ. ಊರ ಸುತ್ತ ಆಳವಾದ ಕಂದಕ, ನಡುವೆ ದುಂಡನೆಯ ದೊಡ್ಡ ಬಯಲು, ಅಲ್ಲಿಂದ ಗೆರೆ ಎಳೆದ ಹಾಗೆ ಹೋಗುವ ರಸ್ತೆಗಳು, ಕೆಲವು ಕಡೆ 50 ಮೀಟರ್ ಅಗಲ. ಒಂದು ಊರಿಂದ ಇನ್ನೊಂದು ಊರಿಗೆ ಹೊಂದಿಕೊಂಡ ಜಾಲ. ಸುಮಾರು 1250ರಿಂದ 1600ರವರೆಗೆ ತುಂಬಿ ತುಳುಕುತ್ತಿದ್ದ ಊರುಗಳು. ಆಮೇಲೆ ಯುರೋಪಿನವರ ರೋಗಗಳು ಬಂದು ಜನ ಸತ್ತರು, ಕಾಡು ಬೆಳೆಯಿತು. 2003ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಇದು ಪ್ರಕಟವಾದಾಗ ಲೇಖಕರ ಪಟ್ಟಿಯಲ್ಲಿ ಕುಯಿಕುರೊ ಮುಖ್ಯಸ್ಥ ಅಫುಕಾಕನ ಹೆಸರೂ ಇದೆ. ಕಾಫಿಗಿಡ ಮೇಡಂ, ನಿಮ್ಮ ತಕರಾರಿಗೆ ಇದು ಉತ್ತರ ಅಂದುಕೊಳ್ಳಿ. ಕೊನೆಗೂ ಯಾರೋ ಒಬ್ಬರು ಅಲ್ಲಿನವರನ್ನೇ ಕೇಳಿದರು.

ಫಾಸೆಟ್‌ಗೆ ಇದು ಕಾಣಲಿಲ್ಲ ಯಾಕೆ? ಅವನು ಕಲ್ಲು ಹುಡುಕುತ್ತಿದ್ದ. ರಿಯೊದ ರಾಷ್ಟ್ರೀಯ ಗ್ರಂಥಾಲಯದಲ್ಲಿ ‘ಹಸ್ತಪ್ರತಿ 512’ ಅಂತ ಒಂದಿದೆ, 1753ರಲ್ಲಿ ಕಂಡ ಪಾಳು ನಗರದ ವರ್ಣನೆ. ಕಲ್ಲಿನ ಕಮಾನು, ಕಲ್ಲಿನ ವಿಗ್ರಹ, ಬೀದಿ. ಅದು ತಲೆಯಲ್ಲಿ ಕೂತಿತ್ತು. ಶಿಂಗುವಿನವರು ಕಟ್ಟಿದ್ದು ಮಣ್ಣು, ಮರ, ಹುಲ್ಲಿನಲ್ಲಿ. ಅಲ್ಲಿ ಕಟ್ಟಡದ ಕಲ್ಲೇ ಸಿಗುವುದಿಲ್ಲ. ಕಂದಕ ಹಳ್ಳದ ಥರ ಕಂಡಿರುತ್ತದೆ, ದಾಟಿಕೊಂಡು ಹೋಗಿರುತ್ತಾನೆ.

ಬೆಂಕಿಪೊಟ್ಟಣ

ಹಾಗಾದರೆ ಅವನು ಹೇಳಿದ್ದು ನಿಜ ಅನ್ನುತ್ತೀರಾ?

ಮಣ್ಣುವಾಸನೆ

ಅರ್ಧ ನಿಜ. ದೊಡ್ಡ ನಾಗರಿಕತೆ ಇತ್ತು ಅನ್ನುವುದು ಸರಿ, ಯಾರು ಕಟ್ಟಿದ್ದು ಅನ್ನುವುದು ಪೂರ್ತಿ ತಪ್ಪು. ಬೇಜಾರೆಂದರೆ ಅವನ ಕಣ್ಣಿಗೆ ಸುಳಿವು ಬಿದ್ದಿತ್ತು. ಬೊಲಿವಿಯಾದ ಬಯಲಿನಲ್ಲಿ ದಿಬ್ಬಗಳು, ಅವುಗಳ ಮೇಲೆ ಮಡಕೆ ಚೂರು, ದಿಬ್ಬದಿಂದ ದಿಬ್ಬಕ್ಕೆ ಏರಿಸಿದ ದಾರಿ, ಇದನ್ನೆಲ್ಲಾ ಗಮನಿಸಿದ್ದ. 2022ರಲ್ಲಿ ಅದೇ ಬೊಲಿವಿಯಾ ಬಯಲಿನಲ್ಲಿ ಹೆಲಿಕಾಪ್ಟರ್‌ನಿಂದ ಲೇಸರ್ ಬಿಟ್ಟು ನೋಡಿದಾಗ 22 ಮೀಟರ್ ಎತ್ತರದ ಮಣ್ಣಿನ ಪಿರಮಿಡ್, ಕಾಲುವೆ, ಕೆರೆ ಎಲ್ಲಾ ಸಿಕ್ಕಿತು. 2024ರಲ್ಲಿ ಈಕ್ವೆಡಾರ್‌ನ ಉಪಾನೊ ಕಣಿವೆಯದ್ದು ಬಂತು, ಅದಂತೂ ಎರಡು ಸಾವಿರ ವರ್ಷಕ್ಕೂ ಹಳೆಯದು. ಅವನು ಆ ದಿಬ್ಬದ ಮೇಲೆ ಇನ್ನೂ ಸ್ವಲ್ಪ ದಿನ ಕೂತು ಅಗೆದಿದ್ದರೆ ಝಡ್ ಹುಡುಕಿಕೊಂಡು ಶಿಂಗುವಿಗೆ ಹೋಗಬೇಕಾಗೇ ಇರಲಿಲ್ಲ.

ಚೈನುಮೋಜಣಿ

ಅವನಿಗೆ ಕೂರುವುದು ಬರುತ್ತಿರಲಿಲ್ಲ ಸಾರ್. ಸರ್ವೇಯರ್ ಬುದ್ಧಿ, ಕಾಲು ಮುಂದಕ್ಕೇ ಹೋಗುತ್ತದೆ.

ಸುಮ್ನೆಓದ್ತೀನಿ

ತೇಜಸ್ವಿಯವರ ಕಾಡಿನ ಪುಸ್ತಕಗಳನ್ನು ಓದಿ ಬೆಳೆದವಳು ನಾನು, ಇಂಗ್ಲಿಷ್ ಓದು ಸ್ವಲ್ಪ ನಿಧಾನ. ಎರಡರಲ್ಲಿ ಯಾವುದು ಮೊದಲು ಓದಲಿ? ಗ್ರಾನ್ ಬರೆದದ್ದಾ, ಇಲ್ಲಾ ಫಾಸೆಟ್‌ನ ಕಾಗದಪತ್ರ ಸೇರಿಸಿ ಕಿರಿಯ ಮಗ ಬ್ರಯಾನ್ 1953ರಲ್ಲಿ ತಂದದ್ದಾ? ಮತ್ತೆ ಕಾಡಿನಲ್ಲಿ ನೂರು ಜನ ಸತ್ತರು ಅಂತಾರಲ್ಲ, ಹುಡುಕಲು ಹೋಗಿ, ಅದು ನಿಜವಾ?

ರಾತ್ರಿಪಾಳಿ

ಗ್ರಾನ್ ಮೊದಲು. ಭಾಷೆ ಸರಳ, ಒಂದು ಅಧ್ಯಾಯ ಫಾಸೆಟ್, ಒಂದು ಅಧ್ಯಾಯ ತನ್ನ ಪ್ರಯಾಣ, ಹಾಗೆ ಹೋಗುತ್ತದೆ. ಆತ ಬ್ರೂಕ್ಲಿನ್‌ನ ಪತ್ರಕರ್ತ, ಟೆಂಟ್ ಹಾಕಲೂ ಬಾರದ ಮನುಷ್ಯ, ಅಂಗಡಿಗೆ ಹೋಗಿ ಕಾಡಿನ ಸಾಮಾನು ಕೊಳ್ಳುವ ಭಾಗ ನಗು ಬರಿಸುತ್ತದೆ. ಬ್ರಯಾನ್ ತಂದದ್ದು ಆಮೇಲೆ ಓದಿ, ಅಪ್ಪನ ದನಿ ಅದರಲ್ಲಿ ಚೆನ್ನಾಗಿ ಕೇಳುತ್ತದೆ. ಪಾಪ ಬ್ರಯಾನ್‌ನದೂ ಒಂದು ಕತೆ. ಅಪ್ಪ ಕರೆದುಕೊಂಡು ಹೋದದ್ದು ಅಣ್ಣನನ್ನು, ಇವನು ಪೆರುವಿನ ರೈಲ್ವೆಯಲ್ಲಿ ಕೆಲಸಕ್ಕಿದ್ದ. ಅಪ್ಪ ಅಣ್ಣ ಕಾಣೆಯಾಗಿ ಮೂವತ್ತು ವರ್ಷ ಆದ ಮೇಲೆ ವಿಮಾನದಲ್ಲಿ ಹೋಗಿ ಕಾಡಿನ ಮೇಲೆ ಸಾವಿರಾರು ಚೀಟಿ ಉದುರಿಸಿದ. ನೀನು ಜ್ಯಾಕ್ ಫಾಸೆಟ್‌ನಾ, ಹೌದಾದರೆ ಕೈ ಮೇಲೆತ್ತು ಅಂತ.

ಬೆಂಕಿಪೊಟ್ಟಣ

ನೂರು ಜನ ಸತ್ತರು ಅನ್ನುವುದನ್ನು ನಂಬಬೇಡಿ. ಹೆಮಿಂಗ್ ಅದನ್ನು ಒಪ್ಪುವುದಿಲ್ಲ. ಹೆಸರು ಹಿಡಿದು ಎಣಿಸಲು ಹೋದರೆ ರಾಟಿನ್, ಆಮೇಲೆ ಆಲ್ಬರ್ಟ್ ಡಿ ವಿಂಟನ್, ಹೀಗೆ ಕೆಲವರಷ್ಟೇ ಸಿಗುತ್ತಾರೆ. ಪುಸ್ತಕದ ಹೊರರಟ್ಟಿಗೆ ದುಂಡು ಸಂಖ್ಯೆ ಚೆನ್ನಾಗಿ ಕಾಣುತ್ತದೆ. ಉಳಿದದ್ದು ಓದಿ, ನಾನು ಬೈದರೂ ಒಂದೇ ಗುಕ್ಕಿಗೆ ಮುಗಿಸಿದ ಪುಸ್ತಕ ಅದು. ಆಮೇಲೆ ರೊಂಡಾನ್ ಬಗ್ಗೆ ಥ್ರೆಡ್ ಶುರು ಮಾಡುತ್ತೇನೆ, ಎಲ್ಲರೂ ಬರಬೇಕು.